ಪಾರ್ಸೆಲ್ ಮೇಲಿನ ಹೆಸರು

ತಪ್ಪು ನನ್ನದೇ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಯಾರೂ ಹುಡುಕಿ ತೆಗೆದೆವೆಂದು ಮೀಸೆ ತಿರುವುವುದು ಬೇಡ. ಆದರೆ ನನ್ನ ತಪ್ಪನ್ನು ಹಿಡಿದುಕೊಂಡು ಇನ್ನೊಬ್ಬನ ಉಸಿರಿಗೆ ಕತ್ತರಿ ಹಾಕಿದವರು ಬೇರೆಯವರು. ನಾನು ಜಗಳಕ್ಕೆ ನಿಂತದ್ದು ಅದಕ್ಕೆ.

ಪುಣೆಯ ಕ್ಯಾಂಪ್ ಬಡಾವಣೆಯಲ್ಲಿ ನಮ್ಮದೊಂದು ಹೋಟೆಲಿದೆ. ಕಾರ್ಕಳದ ಕಡೆಯ ಹಳ್ಳಿಯಿಂದ ಮದುವೆಯಾಗಿ ಇಲ್ಲಿಗೆ ಬಂದಾಗ ನನಗೆ ಇಪ್ಪತ್ತೊಂದು, ಈಗ ಐವತ್ತೈದು. ಗಂಡ ಕಾಂತಪ್ಪ ಗಲ್ಲಾದಲ್ಲಿ ಕೂತು ಎಲ್ಲರಿಗೂ ನಗುತ್ತಾರೆ. ಅಡುಗೆಮನೆ ನನ್ನದು, ಬೈಗುಳವೂ ನನ್ನದು. ಹಂಚಿಕೆ ಹೀಗಿರುವುದರಿಂದ ಹೋಟೆಲು ನಡೆಯುತ್ತಿದೆ.

ಹೋದ ತಿಂಗಳು ಶರ್ವರಿ ಎಂಬ ಹುಡುಗಿ ಬಂದಳು. ಹಳೆಯ ಸಂಗೀತವನ್ನು ಹುಡುಕಿ ಕಾಪಾಡುವ ಒಂದು ಸಂಸ್ಥೆಯಲ್ಲಿ ಅವಳ ಕೆಲಸ. ಭಾನುವಾರ ಬೆಳಿಗ್ಗೆ ಬಂಡ್ ಗಾರ್ಡನ್ ರಸ್ತೆಯ ಸಭಾಂಗಣದಲ್ಲಿ ಕಾರ್ಯಕ್ರಮ, ನೂರೈವತ್ತು ಜನರಿಗೆ ಉಪ್ಪಿಟ್ಟು, ಶಿರಾ, ಕಾಫಿ ಬೇಕು ಎಂದಳು. ಒಳ್ಳೆಯ ಹುಡುಗಿ, ಕಿವಿಯಲ್ಲಿ ಸದಾ ಏನೋ ಸಿಕ್ಕಿಸಿಕೊಂಡಿರುತ್ತಾಳೆ.

"ಏನಮ್ಮ ಕಾರ್ಯಕ್ರಮ?" ಎಂದೆ.

"ಲೋಬೋ ಅಂತ ಒಬ್ಬರಿದ್ದರು ಆಂಟಿ, ಇದೇ ಕ್ಯಾಂಪಿನವರು. ಟ್ರಂಪೆಟ್ ಊದುತ್ತಿದ್ದರು. ಹಳೇ ಕಾಲದ ಜಾಝ್. ಅವರು ಮಾಡಿದ ರೆಕಾರ್ಡಿಂಗ್ ಒಂದೂ ಇಲ್ಲ ಅಂತ ಎಲ್ಲರೂ ತಿಳಿದಿದ್ದರು. ಈಗ ಹನ್ನೊಂದು ಕ್ಯಾಸೆಟ್ ಸಿಕ್ಕಿವೆ!"

ಅವಳ ಫೋನಿನಿಂದ ಟ್ರಂಪೆಟ್ ಹೊರಟಿತು. ನಾನು ಕೊತ್ತಂಬರಿ ಹೆಚ್ಚುತ್ತಿದ್ದೆ. ಚಾಕು ನಿಂತಿತು. ಅಂಥ ಸದ್ದು ಒಮ್ಮೆ ಕೇಳಿದವರು ಮರೆಯುವುದಿಲ್ಲ. ಮೊದಲು ಜಗಳಕ್ಕೆ ಬಂದವರ ಹಾಗೆ ಮೇಲೇರಿ, ಆಮೇಲೆ ಎದೆಗೆ ಒರಗಿಕೊಳ್ಳುವ ಸದ್ದು. ಅದು ಹುಟ್ಟಿದ್ದು ನನ್ನ ಅಡುಗೆಮನೆಯಲ್ಲಿ. ಊದಿದವನು ಲೋಬೋ ಅಲ್ಲ, ಕಾಡಪ್ಪ.

"ಇದು ಲೋಬೋ ಮಾಸ್ತರರದ್ದು ಅಂತ ಯಾರು ಹೇಳಿದ್ದು ನಿಂಗೆ?"

"ಪ್ರತಿ ಕ್ಯಾಸೆಟ್ ಮೇಲೂ ಹೆಸರಿದೆ ಆಂಟಿ." ಫೋನಿನಲ್ಲಿ ಚಿತ್ರ ತೋರಿಸಿದಳು. ನೀಲಿ ಶಾಯಿಯಲ್ಲಿ, ಕನ್ನಡ ಶಾಲೆಯ ಹುಡುಗಿ ಕಷ್ಟಪಟ್ಟು ಬರೆದ ಇಂಗ್ಲಿಷ್ ಅಕ್ಷರಗಳಲ್ಲಿ ಲೋಬೋ, ಕೆಳಗೆ ತಾರೀಕು. ಅಕ್ಷರ ನನ್ನದು.

ಹೇಗಾಯಿತೆಂದು ಹೇಳುತ್ತೇನೆ.

ಕಾಡಪ್ಪ ಇಂಡಿ ತಾಲೂಕಿನ ಒಂದು ಹಳ್ಳಿಯವನು. ಅವನ ಮನೆತನದವರು ಲಗ್ನಗಳಲ್ಲಿ ಶಹನಾಯಿ ಊದುವವರು. ಹದಿನಾರನೇ ವಯಸ್ಸಿಗೆ ಪುಣೆಗೆ ಬಂದು ಒಂದು ಬ್ಯಾಂಡ್ ಕಂಪನಿ ಸೇರಿ, ಕೆಂಪು ಕೋಟು ಹಾಕಿಕೊಂಡು, ಮದುಮಗನ ಕುದುರೆಯ ಮುಂದೆ ಟ್ರಂಪೆಟ್ ಊದುತ್ತಿದ್ದ. ಆ ಕಂಪನಿಗೆ ಕಲಿಸುತ್ತಿದ್ದವರು ಗೋವಾದ ಲೋಬೋ ಮಾಸ್ತರರು. ಅವರ ಮನೆಯಲ್ಲಿ ಅಮೆರಿಕದ ಹಳೆಯ ಗ್ರಾಮಫೋನ್ ತಟ್ಟೆಗಳಿದ್ದವು. ಕರಿಯರ ಬ್ಯಾಂಡುಗಳು ಹೆಣದ ಮುಂದೆ ಅಳುತ್ತ ಹೋಗಿ, ಮಣ್ಣು ಮಾಡಿ, ಬರುವಾಗ ಕುಣಿಸುತ್ತ ಬರುವ ಊರಿನ ಸಂಗೀತ. ಕಾಡಪ್ಪ ಅದನ್ನು ಕೇಳಿ, "ಇದರಾಗ ಹೊಸಾದು ಏನದ ರೀ ಮಾಸ್ತರ, ನಮ್ಮೂರಾಗೂ ಹಿಂಗ ಬಾರಿಸಿಕೋತ ಒಯ್ತಾರ" ಎಂದಿದ್ದನಂತೆ. ಮಾಸ್ತರರು ಅವನನ್ನೇ ಶಿಷ್ಯನನ್ನಾಗಿ ಆರಿಸಿಕೊಂಡರು. ಇಪ್ಪತ್ತೈದು ವರ್ಷ ಕಲಿಸಿದರು.

ಆಮೇಲೆ ಮಾಸ್ತರರ ಶ್ವಾಸಕೋಶ ಕೆಟ್ಟಿತು. ಮೂರನೇ ಮಹಡಿಯ ಕೋಣೆಯಿಂದ ಇಳಿಯಲಾಗದೆ ಮಲಗಿಬಿಟ್ಟರು. ಮಧ್ಯಾಹ್ನದ ಊಟ ನಮ್ಮ ಹೋಟೆಲಿನಿಂದ ಹೋಗುತ್ತಿತ್ತು. ಕಾಡಪ್ಪ ಹೋಗಿ ಊದಿದರೆ, "ನನ್ನೆದುರು ಊದಬೇಡ ಮಗನೇ, ನನಗೂ ಊದಬೇಕು ಅನ್ನಿಸುತ್ತದೆ, ಕೆಮ್ಮು ಬರುತ್ತದೆ. ಟೇಪು ಮಾಡಿ ಕಳಿಸು" ಎಂದರು. ಯೆರವಡಾದ ಅವನ ವಠಾರದಲ್ಲಿ ಟ್ರಂಪೆಟ್ ಎತ್ತಿದರೆ ಅಕ್ಕಪಕ್ಕದವರು ಕಲ್ಲು ಎತ್ತುತ್ತಿದ್ದರು. ಹಾಗಾಗಿ ನಮ್ಮಲ್ಲಿಗೆ ಬಂದ.

ಮೂರರಿಂದ ನಾಲ್ಕೂವರೆ ನಾವು ಬಾಗಿಲು ಹಾಕುತ್ತಿದ್ದೆವು. ನಾಳೆಯ ಇಡ್ಲಿಗೆ ಗ್ರೈಂಡರು ತಿರುಗುವ ಹೊತ್ತು ಅದು. ನಮ್ಮ ಟೇಪ್ ರೆಕಾರ್ಡರನ್ನು ಗಲ್ಲಾದ ಮೇಲಿಟ್ಟು ನಾನು ಗುಂಡಿ ಒತ್ತುತ್ತಿದ್ದೆ. ಕಾಡಪ್ಪ ಹಿಂದಿನ ಬಾಗಿಲ ಹತ್ತಿರ, ನೀರಿನ ಡ್ರಮ್ಮಿನ ಪಕ್ಕ ನಿಲ್ಲುತ್ತಿದ್ದ. ಹತ್ತಿರ ನಿಂತು ಊದಿದರೆ ಟೇಪು ಹರಿದಂತೆ ಕಿರುಚುತ್ತಿತ್ತು. ಗ್ರೈಂಡರು ನಿಲ್ಲಿಸುತ್ತೇನೆ ಎಂದರೆ ಬೇಡ ಎನ್ನುತ್ತಿದ್ದ. "ಇರಲಿ ಬಿಡ್ರಿ ಅಕ್ಕಾರ, ಅದಽ ನನಗ ಶ್ರುತಿ." ಅವನ ಮನೆಯಲ್ಲಿ ಶಹನಾಯಿಯ ಹಿಂದೆ ಇನ್ನೊಬ್ಬರು ಒಂದೇ ಸ್ವರ ಹಿಡಿದು ನಿಲ್ಲುತ್ತಿದ್ದರಂತೆ. ಇಲ್ಲಿ ಆ ಕೆಲಸ ಗ್ರೈಂಡರಿನದು. ಅದರ ಗುಂಡುಕಲ್ಲಿನ ಒಂದು ಮೂಲೆ ಚಕ್ಕೆ ಎದ್ದಿತ್ತು. ಒಂದು ಸುತ್ತಿಗೆ ಒಂದು ಸಲ 'ಟಕ್' ಎನ್ನುತ್ತಿತ್ತು.

ಕ್ಯಾಸೆಟ್ ಮುಗಿದ ಮೇಲೆ ಅದನ್ನು ಮರುದಿನ ಮಾಸ್ತರರ ಊಟದ ಡಬ್ಬಿಯ ಜೊತೆ ಕಳಿಸುತ್ತಿದ್ದೆ. ಹೋಟೆಲಿನವರು ಪಾರ್ಸೆಲ್ ಮೇಲೆ ಅಡುಗೆಯವನ ಹೆಸರು ಬರೆಯುವುದಿಲ್ಲ, ತಿನ್ನುವವನ ಹೆಸರು ಬರೆಯುತ್ತಾರೆ. ನಾನೂ ಹಾಗೇ ಬರೆದೆ. ಲೋಬೋ. ಹನ್ನೊಂದು ಸಲ ಬರೆದೆ.

ಮಾಸ್ತರರು ಹೋದರು. ಕೋಣೆಗೆ ಬೀಗ ಬಿತ್ತು. ಮೂವತ್ತು ವರ್ಷದ ಮೇಲೆ ಯಾರೋ ಸಂಬಂಧಿಕರು ಪೆಟ್ಟಿಗೆಗಳನ್ನು ಆ ಸಂಸ್ಥೆಗೆ ಕೊಟ್ಟರು. ಉಳಿದದ್ದು ನಿಮಗೆ ಗೊತ್ತಾಯಿತಲ್ಲ.

ಅವತ್ತೇ ಮಧ್ಯಾಹ್ನ ಯೆರವಡಾಕ್ಕೆ ರಿಕ್ಷಾ ಹಿಡಿದೆ. ಕಾಡಪ್ಪನಿಗೆ ಈಗ ಎಪ್ಪತ್ತೆರಡು. ಹಲ್ಲುಗಳೆಲ್ಲ ಹೋಗಿ ಹನ್ನೆರಡು ವರ್ಷವಾಯಿತು. ಟ್ರಂಪೆಟ್ಟಿಗೆ ಮುಂದಿನ ಹಲ್ಲೇ ಗೋಡೆ, ಅದಕ್ಕೆ ಒತ್ತಿದರೇ ತುಟಿ ನಿಲ್ಲುವುದು. ಕಟ್ಟಿಸಿದ ಹಲ್ಲು ಆ ಒತ್ತಡ ತಡೆಯುವುದಿಲ್ಲ. ಈಗ ಅವನು ಮನೆಯ ಮುಂದೆ ಕೂತು ಬೇರೆ ಬ್ಯಾಂಡಿನವರ ವಾದ್ಯಗಳನ್ನು ಉಜ್ಜಿ ರಿಪೇರಿ ಮಾಡುತ್ತಾನೆ.

ವಿಷಯ ಹೇಳಿದೆ. ನನ್ನ ಅಕ್ಷರದ ವಿಷಯವನ್ನೂ ಹೇಳಿದೆ. ಅವನು ಒಂದು ಟ್ರಂಪೆಟ್ಟಿನ ಪಿಸ್ಟನ್ನಿಗೆ ಎಣ್ಣೆ ಬಿಡುತ್ತಲೇ ಕೇಳಿದ.

"ಹನ್ನೊಂದನೇದು ಕೇಳೀರೇನ್ರಿ ಅಕ್ಕಾರ? ಉದ್ದಂದು?"

"ಕೇಳಿದೆ, ಆ ಹುಡುಗಿಯ ಫೋನಿನಲ್ಲಿ. ಸ್ವಲ್ಪ ಹೊತ್ತು ಬಂದು ನಿಂತೇ ಹೋಯಿತು. ಮೊಟಕು ಮಾಡಿದ್ದಾರೆ."

ಎಣ್ಣೆಯ ಡಬ್ಬಿ ಕೆಳಗಿಟ್ಟ.

ಆ ಉದ್ದದ್ದರ ಕಥೆ ಬೇರೆಯೇ. ಶಹನಾಯಿಯವರು ಮೂಗಿನಲ್ಲಿ ಉಸಿರೆಳೆಯುತ್ತಲೇ ಕೆನ್ನೆಯಲ್ಲಿಟ್ಟ ಗಾಳಿಯನ್ನು ಹೊರಗೆ ತಳ್ಳುತ್ತಾರೆ. ಸ್ವರ ಕಡಿಯುವುದೇ ಇಲ್ಲ. ಕಾಡಪ್ಪ ಅದನ್ನು ಟ್ರಂಪೆಟ್ಟಿನಲ್ಲಿ ಮಾಡುತ್ತಿದ್ದ. ಮಾಸ್ತರರಿಗೆ ಅದು ಆಗುತ್ತಿರಲಿಲ್ಲ. "ಇದು ಜಾಝೋ, ನಿನ್ನ ಅತ್ತೆಯ ಲಗ್ನವೋ?" ಎಂದು ಪ್ರತಿ ಭಾನುವಾರ ಅವನು ನೋಡಲು ಹೋದಾಗ ಬೈಯುತ್ತಿದ್ದರು. ಹನ್ನೊಂದನೇ ಟೇಪಿನಲ್ಲಿ ಕಾಡಪ್ಪ ಬೇಕೆಂದೇ, ಹಟಕ್ಕೆ ಬಿದ್ದು, ಒಂದೇ ಸ್ವರವನ್ನು ನಲವತ್ತೆಂಟು ಸೆಕೆಂಡು ಹಿಡಿದ. ಗಲ್ಲಾದ ಗಡಿಯಾರ ನೋಡಿ ಎಣಿಸಿದ್ದು ನಾನೇ. ಮುಂದಿನ ಭಾನುವಾರ ಮಾಸ್ತರರು ಬೈಯಲಿಲ್ಲ. ಗೋಡೆಯ ಕಡೆ ತಿರುಗಿ, "ಇನ್ನೊಮ್ಮೆ ಹಾಕು" ಎಂದರಂತೆ. ಅದಾಗಿ ಹತ್ತು ದಿನಕ್ಕೆ ತೀರಿಕೊಂಡರು.

"ಹೆಸರು ಮಾಸ್ತರಂದು ಇದ್ದರ ಇರ್ಲಿ ಬಿಡ್ರಿ ಅಂತಿದ್ದೆ," ಎಂದ ಕಾಡಪ್ಪ. "ನಂದೂ ಅವರದಽ ಅಲ್ಲೇನು. ಆದರ ಅದನ್ನ ಕತ್ತರಿಸ್ಯಾರಂದ್ರ ಬಿಡೂದಿಲ್ಲ. ಅದು ಅವರು ಸೋತ ಸ್ವರ. ಅದನ್ನ ಅವರ ಹೆಸರಿಗೇ ಹಚ್ಚಿ, ಮ್ಯಾಲ ತುಂಡೂ ಮಾಡ್ತಾರೇನು? ಮಾಸ್ತರ ಇದ್ದಿದ್ದರ ಕೋಲು ತಗೊಂಡು ಬರ್ತಿದ್ದರು."

"ನೀನು ಬರುತ್ತೀಯೋ ಇಲ್ಲವೋ, ಅದು ಹೇಳು."

"ನೀವು ಕರ್ಯಾಕ ಬಂದೀರೋ, ಬೈಯಾಕ ಬಂದೀರೋ?"

"ಎರಡಕ್ಕೂ."

"ಮತ್ತ ಚಾ ಕುಡೀರಿ ಮೊದಲ."

ಮರುದಿನ ನಾವಿಬ್ಬರೂ ಸಂಸ್ಥೆಯ ಕಚೇರಿಗೆ ಹೋದೆವು. ಅಲ್ಲಿನ ಮುಖ್ಯಸ್ಥ ಮಧುಕರ್. ಬಿಳಿ ಗಡ್ಡ, ಖಾದಿ ಜುಬ್ಬಾ, ಮೆತ್ತಗಿನ ಮರಾಠಿ. ಅವನಿಗೆ ಸಿಟ್ಟೇ ಬರುವುದಿಲ್ಲ. ಅಂಥವರನ್ನು ಕಂಡರೆ ನನಗೆ ಇನ್ನೂ ಸಿಟ್ಟು.

"ಅಹೋ ವಹಿನಿ, ನಿಮ್ಮ ಹೋಟೆಲಿನಲ್ಲಿ ರೆಕಾರ್ಡ್ ಆಗಿರಬಹುದು, ನಾನು ಇಲ್ಲ ಅನ್ನುವುದಿಲ್ಲ," ಎಂದ. ವಹಿನಿ ಎಂದರೆ ಮರಾಠಿಯಲ್ಲಿ ಅತ್ತಿಗೆ. "ಆದರೆ ಊದಿದವರು ಲೋಬೋ ಅಲ್ಲ ಅನ್ನಲಿಕ್ಕೆ ಏನು ಆಧಾರ? ಈ ಶೈಲಿ ಪುಣೆಯಲ್ಲಿ ಅವರೊಬ್ಬರಿಗೇ ಗೊತ್ತಿತ್ತು. ಇವರು..." ಕಾಡಪ್ಪನ ಕಡೆ ನೋಡಿದ, "ಇವರು ವರಾತಿನ ಬ್ಯಾಂಡಿನವರು."

"ಮದುವೆ ದಿಬ್ಬಣದ ಬ್ಯಾಂಡಿಗೆ ಕಲಿಸಿದವರೇ ಲೋಬೋ!" ಎಂದೆ.

"ಸರಿ. ಹಾಗಾದರೆ ಇವರೇ ಊದಿ ತೋರಿಸಲಿ."

ಕಾಡಪ್ಪ ಬಾಯಿಯಿಂದ ಹಲ್ಲಿನ ಸೆಟ್ಟನ್ನು ತೆಗೆದು ಅಂಗೈಯಲ್ಲಿ ಹಿಡಿದು ತೋರಿಸಿದ. ಮಧುಕರ್ ಬೇರೆ ಕಡೆ ನೋಡಿದ.

"ಉದ್ದ ಸ್ವರವನ್ನು ಯಾಕೆ ಕತ್ತರಿಸಿದಿರಿ?" ಎಂದೆ.

"ಅದು ಸ್ವರವೇ ಅಲ್ಲ ವಹಿನಿ. ಯಾರೋ ಒಂದೇ ತುಣುಕನ್ನು ಮತ್ತೆ ಮತ್ತೆ ಜೋಡಿಸಿದ್ದಾರೆ. ಶ್ವಾಸಕೋಶದ ರೋಗಿ ನಲವತ್ತೆಂಟು ಸೆಕೆಂಡು ಹೇಗೆ ಊದುತ್ತಾನೆ? ನಿಜವಾದ ಹದಿನಾಲ್ಕು ಸೆಕೆಂಡು ಮಾತ್ರ ಉಳಿಸಿಕೊಂಡಿದ್ದೇವೆ."

"ಊದುವುದಿಲ್ಲ! ಅದನ್ನೇ ಹೇಳುತ್ತಿರುವುದು ನಾನು! ರೋಗಿ ಊದಿಲ್ಲ, ಇವನು ಊದಿದ್ದು!"

ಅವನು ಮುಗುಳ್ನಕ್ಕ. ಪರಿಶೀಲಿಸುತ್ತೇವೆ, ಕಾರ್ಯಕ್ರಮ ಮುಗಿಯಲಿ, ಒಂದು ಅರ್ಜಿ ಕೊಡಿ ಎಂದ. ಮೂಲೆಯ ಕಂಪ್ಯೂಟರಿನ ಮುಂದೆ ಶರ್ವರಿ ಕೂತಿದ್ದಳು. ನಾನು ಎದ್ದು ಬರುವಾಗ ಅವಳ ಮೇಜಿಗೆ ಬಾಗಿ ಕೇಳಿದೆ: "ಅದರಲ್ಲಿ 'ಟಕ್ ಟಕ್' ಅಂತ ಒಂದು ಸದ್ದಿತ್ತಲ್ಲ, ಎಲ್ಲಿ ಹೋಯಿತು?"

"ಅದು ಗದ್ದಲ ಆಂಟಿ. ನಾನೇ ತೊಳೆದು ತೆಗೆದೆ."

"ಅದು ಗದ್ದಲ ಅಲ್ಲ, ನನ್ನ ಗ್ರೈಂಡರು. ಒಂದು ಸುತ್ತಿಗೆ ಒಂದೇ ಟಕ್. ತೊಳೆಯದ ಟೇಪು ಹಾಕಿ ಕೇಳು. ಯಾರಾದರೂ ಕತ್ತರಿಸಿ ಜೋಡಿಸಿದ್ದರೆ ಆ ಟಕ್ಕು ಎಡವಬೇಕು. ಎಡವಿದರೆ ನನ್ನ ಕಿವಿ ಹಿಡಿ, ಎಡವದಿದ್ದರೆ ನಿನ್ನದನ್ನು ನಾನು ಹಿಡಿಯುತ್ತೇನೆ."

ಮನೆಗೆ ಬಂದರೆ ಕಾಂತಪ್ಪ ಮುಖ ಸಣ್ಣ ಮಾಡಿಕೊಂಡು ಕೂತಿದ್ದರು. "ಬೇಡ ಮಾರಾಯ್ತಿ, ದೊಡ್ಡ ಜನ ಅವರು. ಆರ್ಡರು ತಗೊಂಡಾಗಿದೆ. ಸುಮ್ಮನೆ ಉಪ್ಪಿಟ್ಟು ಕೊಟ್ಟು ಬರುವ."

"ಉಪ್ಪಿಟ್ಟು ಕೊಡುವುದಿಲ್ಲ ಅಂತ ನಾನೆಲ್ಲಿ ಹೇಳಿದೆ? ಒಂದು ಕಾಳೂ ಕಡಿಮೆ ಮಾಡುವುದಿಲ್ಲ."

"ನಿನ್ನ ಮುಖ ನೋಡಿದರೆ ಬೇರೆ ಎಂತದೋ ಉಂಟು."

"ಇದೆ. ನೀವು ಪಾತ್ರೆ ಹೊರಿ, ಸಾಕು."

ಭಾನುವಾರ ಹತ್ತೂವರೆಗೆ ಸಭಾಂಗಣ ತುಂಬಿತು. ಗೋಡೆಯ ಮೇಲೆ ಲೋಬೋ ಮಾಸ್ತರರ ದೊಡ್ಡ ಫೋಟೋ, ಕೋಟು, ಟ್ರಂಪೆಟ್ಟು, ತುಂಟ ಕಣ್ಣು. ಅವರ ಮೇಲೆ ನನಗೆ ಜಗಳವಿರಲಿಲ್ಲ. ನಮ್ಮ ಸಾರನ್ನು ಹೊಗಳಿ ಚೀಟಿ ಬರೆದು ಕಳಿಸುತ್ತಿದ್ದ ಮನುಷ್ಯ ಅವರು.

ಮಧುಕರ್ ಮಾತಾಡಿದ. ಅಪರೂಪ, ಅನಾಥ ಧ್ವನಿ, ಪುಣೆಯ ಹೆಮ್ಮೆ ಎಂದೆಲ್ಲ. ಆಮೇಲೆ ಹನ್ನೊಂದನೇ ಟೇಪು ಹಾಕಿಸಿದ. ಸ್ವರ ಏರಿತು, ನಿಂತಿತು, ಹದಿನಾಲ್ಕಕ್ಕೆ ಸತ್ತಿತು. ಜನ ಚಪ್ಪಾಳೆ ತಟ್ಟಿದರು.

ಚಪ್ಪಾಳೆ ನಿಲ್ಲುವ ಮೊದಲೇ ನಾನು ನಡುವಿನ ದಾರಿಯಲ್ಲಿ ನಡೆದಿದ್ದೆ. ಹಿಂದೆ ಕಾಡಪ್ಪ. ಅವನು ಹಳೆಯ ಕೆಂಪು ಕೋಟು ಹಾಕಿಕೊಂಡು ಬಂದಿದ್ದ, ಭುಜದ ಜರಿ ಕಿತ್ತುಹೋಗಿತ್ತು. ನನ್ನ ಕೈಯಲ್ಲಿ ಹೋಟೆಲಿನ ಗಾಜಿನ ಲೋಟ, ಅದರಲ್ಲಿ ನೀರು, ಜ್ಯೂಸು ಕುಡಿಯುವ ನಳಿಗೆ.

"ಅದು ಪೂರ್ತಿ ಅಲ್ಲ," ಎಂದೆ, ಮೈಕು ಇಲ್ಲದೆಯೇ. ನನ್ನ ಗಂಟಲಿಗೆ ಮೈಕು ಬೇಕಾಗಿಲ್ಲ. "ಊದಿದವನು ಇಲ್ಲಿದ್ದಾನೆ. ಕ್ಯಾಸೆಟ್ ಮೇಲಿನ ಹೆಸರು ಬರೆದವಳು ನಾನು. ಅದು ಊದಿದವನ ಹೆಸರಲ್ಲ, ಪಾರ್ಸೆಲ್ ಯಾರಿಗೆ ಹೋಗಬೇಕೋ ಅವರ ಹೆಸರು."

ಮಧುಕರ್ ಎರಡೂ ಕೈ ಎತ್ತಿದ. "ವಹಿನಿ, ತಿಂಡಿ ಹೊರಗೆ..."

"ತಿಂಡಿ ಬಿಸಿಯಾಗಿಯೇ ಇದೆ. ಮುಚ್ಚಳ ತೆಗೆಯುವವಳು ನಾನು. ಮೊದಲು ತೊಳೆಯದ ಟೇಪು ಹಾಕಿ."

ಮುಂದಿನ ಸಾಲಿನಲ್ಲಿ ಯಾರೋ ನಕ್ಕರು. ಯಾರೋ "ಹಾಕಿ, ಹಾಕಿ" ಎಂದರು. ಮಧುಕರ್ ಬೇಡವೆಂದು ತಲೆಯಾಡಿಸಿದ. ಆಗ ಕಂಪ್ಯೂಟರಿನ ಹಿಂದಿನಿಂದ ಶರ್ವರಿ ಎದ್ದು ನಿಂತಳು. ಮುಖ ಕೆಂಪಾಗಿತ್ತು.

"ಸರ್, ನಾನು ಮೂಲ ಟೇಪು ಮತ್ತೆ ಕೇಳಿದೆ. ಒಂದು ಯಂತ್ರದ ಸದ್ದಿದೆ, ಅದು ಎಲ್ಲಿಯೂ ಎಡವುವುದಿಲ್ಲ. ಜೋಡಿಸಿದ್ದಲ್ಲ ಸರ್. ತಪ್ಪಾಗಿ ಕತ್ತರಿಸಿದ್ದು ನಾವು." ಎಂದವಳೇ ಗುಂಡಿ ಒತ್ತಿಬಿಟ್ಟಳು.

ನನ್ನ ಅಡುಗೆಮನೆ ಸಭಾಂಗಣದೊಳಗೆ ಬಂತು. ಗ್ರೈಂಡರಿನ ಗುಂಯ್, ಟಕ್, ಟಕ್. ನೀರಿನ ಡ್ರಮ್ಮಿನ ಮೇಲೆ ಯಾರೋ ಮುಚ್ಚಳ ಇಟ್ಟ ಸದ್ದು. ಅದರ ಮೇಲೆ ಟ್ರಂಪೆಟ್ಟು ಎದ್ದಿತು.

ಕಾಡಪ್ಪ ಹಲ್ಲಿನ ಸೆಟ್ಟನ್ನು ತೆಗೆದು ಕೋಟಿನ ಜೇಬಿಗೆ ಹಾಕಿಕೊಂಡ. ಲೋಟ ತೆಗೆದುಕೊಂಡು, ನಳಿಗೆಯನ್ನು ತುಟಿಗಿಟ್ಟ. ಶಹನಾಯಿಯ ಮನೆಗಳಲ್ಲಿ ಮಕ್ಕಳಿಗೆ ವಾದ್ಯ ಕೊಡುವ ಮೊದಲು ನೀರು ಕೊಡುತ್ತಾರೆ. ಕೊಳವೆಯಲ್ಲಿ ಊದಬೇಕು, ಗುಳ್ಳೆ ಕಡಿಯಬಾರದು. ಕಡಿದರೆ ಅಪ್ಪನ ಕೈ ಬೆನ್ನಿನ ಮೇಲೆ. ಅವನು ಆರನೇ ವಯಸ್ಸಿಗೆ ಕಲಿತದ್ದು, ಅದಕ್ಕೆ ಹಲ್ಲು ಬೇಕಾಗಿಲ್ಲ.

ಟೇಪಿನಲ್ಲಿ ಉದ್ದ ಸ್ವರ ಶುರುವಾದ ಕ್ಷಣಕ್ಕೇ ಲೋಟದಲ್ಲಿ ಗುಳ್ಳೆ ಎದ್ದವು. ಶರ್ವರಿ ಓಡಿ ಬಂದು ಮೈಕನ್ನು ಲೋಟದ ಹತ್ತಿರ ಹಿಡಿದಳು. ಹತ್ತು ಸೆಕೆಂಡು. ಹದಿನಾಲ್ಕು, ಅಲ್ಲಿ ಅವರು ಕತ್ತರಿ ಹಾಕಿದ್ದರು. ಗುಳ್ಳೆ ಕಡಿಯಲಿಲ್ಲ. ಕಾಡಪ್ಪನ ಬೊಚ್ಚುಬಾಯಿಯ ಕೆನ್ನೆಗಳು ಕಪ್ಪೆಯ ಹಾಗೆ ಉಬ್ಬಿದವು, ಮೂಗಿನ ಹೊಳ್ಳೆ ಅರಳಿ ಉಸಿರೆಳೆಯಿತು, ಗುಳ್ಳೆ ಹಾಗೇ ನಡೆಯಿತು. ಇಪ್ಪತ್ತು. ಮೂವತ್ತು. ಟಕ್, ಟಕ್. ಟೇಪಿನ ಒಳಗಿನ ಸ್ವರ ಸಣ್ಣಗೆ ನಡುಗಿದ ಕಡೆಯಲ್ಲಿ ಗುಳ್ಳೆಗಳೂ ಸಣ್ಣಗಾದವು, ಅದು ಮತ್ತೆ ಏರಿದಾಗ ಇವೂ ಉಕ್ಕಿದವು. ಮೂವತ್ತು ವರ್ಷದ ಹಿಂದಿನ ಉಸಿರು ಅವನ ಮೈಗೆ ನೆನಪಿತ್ತು. ಅದಕ್ಕೆ ಅಷ್ಟು ನೆನಪಿದ್ದೀತೆಂದು ನನಗೆ ಗೊತ್ತಿರಲಿಲ್ಲ. ಜನ ಕುರ್ಚಿಯಿಂದ ಏಳುತ್ತಿದ್ದರು.

ನಲವತ್ತೆಂಟಕ್ಕೆ ಟೇಪಿನ ಸ್ವರ ಮುಗಿಯಿತು. ಕಾಡಪ್ಪನದು ಮುಗಿಯಲಿಲ್ಲ. ಮಾಸ್ತರರ ಫೋಟೋದ ಕಡೆ ತಿರುಗಿ ನಿಂತು ಊದುತ್ತಲೇ ಇದ್ದ. ಅರವತ್ತಕ್ಕೆ ನಳಿಗೆ ಬಿಟ್ಟು, "ಸಾಕೇನ್ರಿ ಮಾಸ್ತರ?" ಎಂದ. ಹಲ್ಲಿಲ್ಲದ ಬಾಯಿಯಿಂದ ಅದು ನನಗೂ ಶರ್ವರಿಗೂ ಮಾತ್ರ ಕೇಳಿಸಿರಬೇಕು.

ಚಪ್ಪಾಳೆ ಎಷ್ಟು ಹೊತ್ತು ಬಿತ್ತೆಂದರೆ ಹೊರಗಿದ್ದ ಕಾಂತಪ್ಪ ಉಪ್ಪಿಟ್ಟಿನ ಸೌಟು ಹಿಡಿದುಕೊಂಡೇ ಒಳಗೆ ಓಡಿಬಂದರು.

ಮಧುಕರ್ ಮೈಕು ಹಿಡಿದ. "ಇದು ಅದ್ಭುತ. ಆದರೂ ನೀರಿನಲ್ಲಿ ಊದುವುದು ಬೇರೆ, ವಾದ್ಯ ಬೇರೆ..."

ನಾನು ಏಪ್ರನ್ನಿನ ಜೇಬಿನಿಂದ ಇನ್ನೊಂದು ನಳಿಗೆ ತೆಗೆದು, ಲೋಟದ ಜೊತೆ ಅವನ ಮುಂದೆ ಹಿಡಿದೆ. "ನೀವು ಊದಿ. ಹದಿನಾಲ್ಕು ಸೆಕೆಂಡು ಸಾಕು, ನಿಮ್ಮದೇ ಲೆಕ್ಕ."

ಇಡೀ ಸಭೆ ನೋಡುತ್ತಿತ್ತು. ಬೇಡವೆನ್ನಲು ಆಗದೆ ಅವನು ಊದಿದ. ಏಳಕ್ಕೆ ಗುಳ್ಳೆ ನಿಂತಿತು, ನೀರು ಜುಬ್ಬಾದ ಮೇಲೆ ಚೆಲ್ಲಿತು. ಜನ ನಕ್ಕರು. ಅವನೂ ನಕ್ಕ, ಪಾಪ. ಆ ನಗುವಿಗೆ ನನ್ನ ಸಿಟ್ಟು ಕಾಲು ಭಾಗ ಇಳಿಯಿತು, ಮುಕ್ಕಾಲು ಉಳಿಯಿತು. ಒದ್ದೆ ಗಡ್ಡ ಒರೆಸಿಕೊಂಡು ಕಾಡಪ್ಪನನ್ನು ಕೇಳಿದ: "ನಿಮ್ಮ ಪೂರ್ತಿ ಹೆಸರು?"

"ಕಾಡಪ್ಪ ಅಂತ ಬರೀರಿ. ಸಾಕು."

ಮಧುಕರ್ ಆ ಹೆಸರನ್ನು ಮೈಕಿನಲ್ಲಿ ಹೇಳಿದ. ಒಮ್ಮೆ ಮೆಲ್ಲಗೆ ಹೇಳಿದ. ಹಿಂದಿನ ಸಾಲಿಗೆ ಕೇಳಿಸಲಿಲ್ಲ ಎಂದೆ. ಇನ್ನೊಮ್ಮೆ ಗಟ್ಟಿಯಾಗಿ ಹೇಳಿದ. ಹೊರತರುವ ಧ್ವನಿಮುದ್ರಿಕೆಗೆ ಹೊಸ ಹೊದಿಕೆ ಅಚ್ಚಾಗುತ್ತದೆ, ಹನ್ನೊಂದನೆಯದು ನಲವತ್ತೆಂಟು ಸೆಕೆಂಡೇ ಇರುತ್ತದೆ, ಗ್ರೈಂಡರನ್ನೂ ಉಳಿಸಿಕೊಳ್ಳುತ್ತೇವೆ ಎಂದ.

ಮೇಜಿನ ಮೇಲೆ ಗಾಜಿನ ಪೆಟ್ಟಿಗೆಯಲ್ಲಿ ಹನ್ನೊಂದು ಕ್ಯಾಸೆಟ್ಟುಗಳಿದ್ದವು. ನಾನು ಪೆಟ್ಟಿಗೆ ತೆರೆದೆ. "ಮುಟ್ಟಬಾರದು, ಅದು ದಾಖಲೆ" ಎಂದು ಯಾರೋ ಕೂಗಿದರು.

"ದಾಖಲೆ ಬರೆದವಳೇ ತಿದ್ದುತ್ತಿದ್ದಾಳೆ, ಸುಮ್ಮನಿರಿ," ಎಂದೆ.

ಪಾರ್ಸೆಲ್ ಮೇಲೆ ಬರೆಯುವ ಪೆನ್ನು ನನ್ನ ಜೇಬಿನಲ್ಲಿ ಯಾವಾಗಲೂ ಇರುತ್ತದೆ. ಲೋಬೋ ಎಂಬುದನ್ನು ಹೊಡೆದು ಹಾಕಲಿಲ್ಲ. ಅದು ಸುಳ್ಳಲ್ಲ, ಕ್ಯಾಸೆಟ್ಟು ಅವರಿಗೇ ಹೋದದ್ದು. ಅದರ ಮೇಲಿನ ಖಾಲಿ ಜಾಗದಲ್ಲಿ, ಈ ಸಲ ಕನ್ನಡದಲ್ಲಿ, ಕಾಡಪ್ಪ ಎಂದು ಬರೆದೆ. ಹನ್ನೊಂದು ಸಲ ಬರೆದೆ. ಮೂರನೆಯದು ಸ್ವಲ್ಪ ಸೊಟ್ಟಗಾಗಿದೆ. ಇರಲಿ.

ಆಮೇಲೆ ಹೊರಗೆ ಹೋಗಿ ಉಪ್ಪಿಟ್ಟಿನ ಮುಚ್ಚಳ ತೆಗೆದೆ. ಮೊದಲ ತಟ್ಟೆ ಕಾಡಪ್ಪನಿಗೆ. ಅವನು ಜೇಬು ತಡಕುತ್ತಿದ್ದ.

"ಏನಾಯಿತು?"

"ಹಲ್ಲು ಎಲ್ಲಿಟ್ಟೆ ತಿಳೀವಲ್ತು ಅಕ್ಕಾರ."

"ಉಪ್ಪಿಟ್ಟಿಗೆ ಹಲ್ಲು ಬೇಡ. ತಿನ್ನು!"